ಹಲ್ಲಿನ ಎಕ್ಸ್‌ರೇ ಒಂದೇ ಸಲಕ್ಕೆ ಸರಿಯಾಗಿ ಬರಬೇಕಾದರೆ: ದಂತ ಚಿಕಿತ್ಸಾಲಯದ ಸಹಾಯಕರಿಗೆ ಸಮಗ್ರ ಮಾರ್ಗದರ್ಶಿ

ದವಡೆ ಹಿಡಿದುಕೊಂಡು ಬಂದ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಇಟ್ಟು, ಕಿರಣ ಬಿಡುವ ಟ್ಯೂಬ್ ತಿರುಗಿಸಿ, ಬಟನ್ ಒತ್ತಿದ್ದಾಯಿತು. ಪರದೆಯ ಮೇಲೆ ಹಲ್ಲಿನ ತಲೆ ಚೆನ್ನಾಗಿ ಬಂದಿದೆ, ಬೇರಿನ ತುದಿ ಮಾತ್ರ ಇಲ್ಲ. ಡಾಕ್ಟರಿಗೆ ಬೇಕಾಗಿದ್ದುದು ಆ ತುದಿಯೇ. ಈಗ ಬಹುತೇಕ ಸಹಾಯಕರು ಮಾಡುವುದೇನೆಂದರೆ, ಟ್ಯೂಬನ್ನು ಅಂದಾಜಿನಲ್ಲಿ ಒಂದಿಷ್ಟು ಅತ್ತಿತ್ತ ಸರಿಸಿ ಮತ್ತೆ ಬಟನ್ ಒತ್ತುವುದು. ಎರಡನೆಯ ಚಿತ್ರದಲ್ಲೂ ತುದಿ ಇರುವುದಿಲ್ಲ. ಮೂರನೆಯ ಸಲ ಅಜ್ಜಿಗೇ ಅನುಮಾನ ಶುರುವಾಗುತ್ತದೆ.

ನಾನೂ ಮೊದಲ ಎರಡು ವರ್ಷ ಹೀಗೇ ಕೆಲಸ ಮಾಡಿದವಳು. ಆಮೇಲೆ ತಿಳಿದದ್ದು ಇಷ್ಟು: ಕೆಟ್ಟುಹೋದ ಚಿತ್ರವೇ ಕೈ ಎಲ್ಲಿ ತಪ್ಪಿತೆಂದು ಹೇಳುತ್ತದೆ. ಅದನ್ನು ಓದದೆ ಎರಡನೆಯ ಸಲ ಬಟನ್ ಮುಟ್ಟಬಾರದು. ಅಜ್ಜಿಯ ಚಿತ್ರವನ್ನೇ ನೋಡಿ. ಹಲ್ಲು ತನ್ನ ಅಳತೆಯಲ್ಲೇ ಇದ್ದು, ತಲೆಯ ಆಚೆ ಅಗಲವಾದ ಖಾಲಿ ಕಪ್ಪು ಜಾಗ ಕಾಣುತ್ತಿದ್ದರೆ ಸೆನ್ಸರ್ ಸಾಕಷ್ಟು ಒಳಗೆ ಇಳಿದಿಲ್ಲ ಎಂದರ್ಥ. ಟ್ಯೂಬನ್ನು ಎಷ್ಟು ತಿರುಗಿಸಿದರೂ ಅದು ಸರಿಹೋಗದು. ಹಲ್ಲೇ ಎಳೆದು ಉದ್ದ ಮಾಡಿದಂತೆ ಕಂಡರೆ ತಪ್ಪು ಟ್ಯೂಬಿನ ಕೋನದ್ದು. ಸೆನ್ಸರನ್ನು ಮುಟ್ಟುವ ಅಗತ್ಯವಿಲ್ಲ.

ಬಟನ್‌ಗಿಂತ ಮೊದಲಿನ ಕೆಲಸ

ಯಾವ ಹಲ್ಲು, ಯಾವ ಬಗೆಯ ಚಿತ್ರ, ಏಕೆ ಎಂಬುದನ್ನು ಡಾಕ್ಟರು ನೋಡಿ ಹೇಳಿದ ಮೇಲೆಯೇ ಎಕ್ಸ್‌ರೇ. ‘ಬಂದವರಿಗೆಲ್ಲ ಒಂದು ತೆಗೆದಿಡು’ ಎನ್ನುವ ರೂಢಿ ಕೆಲವು ಕಡೆ ಇದೆ, ಅದು ತಪ್ಪು. ರೋಗಿ ಬೇರೆ ಕಡೆ ತೆಗೆಸಿಕೊಂಡ ಎಕ್ಸ್‌ರೇ ಮೊಬೈಲಿನಲ್ಲೋ ಕೈಚೀಲದಲ್ಲೋ ಇದ್ದರೆ ಮೊದಲು ಅದನ್ನು ಕೇಳಿ ಡಾಕ್ಟರಿಗೆ ತೋರಿಸಿ. ಯಂತ್ರವನ್ನು ಚಲಾಯಿಸುವವರು ಅದಕ್ಕೆ ಅರ್ಹತೆ ಪಡೆದವರೇ ಆಗಿರಬೇಕು. ನಿಮ್ಮ ಚಿಕಿತ್ಸಾಲಯದಲ್ಲಿ ಬಟನ್ ಒತ್ತುವುದು ಡಾಕ್ಟರೇ ಆಗಿದ್ದರೂ, ರೋಗಿಯನ್ನು ಸಿದ್ಧಮಾಡುವುದು, ಸೆನ್ಸರ್ ಇಡಲು ನೆರವಾಗುವುದು, ಚಿತ್ರವನ್ನು ಸರಿಯಾದ ಹೆಸರಿನಲ್ಲಿ ಉಳಿಸುವುದು ಬಹುಮಟ್ಟಿಗೆ ನಿಮ್ಮ ಪಾಲಿನದೇ.

ಹೆಂಗಸರಾದರೆ ಗರ್ಭಿಣಿಯೇ ಎಂದು ಕೇಳಬೇಕು. ಕೇಳುವ ರೀತಿಯೂ ಮುಖ್ಯ. ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತಿರುವಾಗ ಎತ್ತರದ ದನಿಯಲ್ಲಿ ಕೇಳಿದರೆ ಬರುವ ಉತ್ತರ ‘ಇಲ್ಲ’ ಎಂದೇ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಸೀಸದ ಏಪ್ರನ್ ಹೊದಿಸುತ್ತ ಮೆಲ್ಲಗೆ ‘ಅಕ್ಕಾ, ತಿಂಗಳು ಏನಾದರೂ ತಪ್ಪಿದೆಯೇ?’ ಎಂದು ಕೇಳಿ. ಹೌದು ಎಂದರೆ ಎಕ್ಸ್‌ರೇ ತೆಗೆಯಲೇಬಾರದು ಎಂದೇನಿಲ್ಲ. ವಿಷಯವನ್ನು ಡಾಕ್ಟರಿಗೆ ತಿಳಿಸಿ. ತುರ್ತು ಇದೆಯೇ, ಹೆರಿಗೆಯವರೆಗೆ ಕಾಯಬಹುದೇ ಎಂಬುದನ್ನು ಅವರು ತೀರ್ಮಾನಿಸಲಿ.

ಕನ್ನಡಕ, ತೆಗೆದು ಹಾಕುವ ಹಲ್ಲಿನ ಸೆಟ್ಟು ಹೊರಗಿಡಿಸಿ. ನಮ್ಮ ಕಡೆ ಮರೆತುಹೋಗುವುದು ಮೂಗುತಿ. ಮೇಲಿನ ಕೋರೆಹಲ್ಲಿನ ಚಿತ್ರದಲ್ಲಿ ಬೇರಿನ ತುದಿಯ ಮೇಲೆಯೇ ಅಚ್ಚಬಿಳಿಯ ಚುಕ್ಕೆಯೊಂದು ಬಿದ್ದಿದ್ದನ್ನು ನೋಡಿ, ಒಳಗೆ ಏನೋ ಲೋಹ ಮುರಿದು ಉಳಿದಿದೆ ಎಂದು ಹೊಸ ಡಾಕ್ಟರೊಬ್ಬರು ಗಾಬರಿಯಾಗಿದ್ದರು. ರೋಗಿಯ ಮುಖ ನೋಡಿದರೆ ಏಳುಕಲ್ಲಿನ ಮೂಗುಬೊಟ್ಟು ಹೊಳೆಯುತ್ತಿತ್ತು. ಮದುವೆಯಾದಾಗಿನಿಂದ ತೆಗೆದಿಲ್ಲ, ತಿರುಪು ಬಿಗಿದುಕೊಂಡಿದೆ ಎನ್ನುವವರು ಸಿಗುತ್ತಾರೆ. ಬಲವಂತ ಬೇಡ. ಡಾಕ್ಟರಿಗೆ ಮೊದಲೇ ಹೇಳಿಬಿಡಿ, ಟ್ಯೂಬಿನ ಕೋನ ಸ್ವಲ್ಪ ಬದಲಿಸಿ ನೆರಳನ್ನು ತುದಿಯಿಂದ ಆಚೆ ಸರಿಸಬಹುದು.

ಸೆನ್ಸರ್ ಬಾಯಿಗೆ ಹೋಗುವ ಮೊದಲೇ ಕಂಪ್ಯೂಟರಿನಲ್ಲಿ ರೋಗಿಯ ಹೆಸರು ತೆರೆದಿರಬೇಕು, ಹಲ್ಲಿನ ಸಂಖ್ಯೆ ಆರಿಸಿರಬೇಕು, ಪರದೆಯ ಮೇಲೆ ಸೆನ್ಸರ್ ಸಿದ್ಧವಿದೆ ಎಂಬ ಸೂಚನೆ ಬಂದಿರಬೇಕು. ಸಿದ್ಧವಾಗದ ಸೆನ್ಸರಿನ ಮೇಲೆ ಕಿರಣ ಬಿಟ್ಟರೆ ಚಿತ್ರವೂ ಇಲ್ಲ, ರೋಗಿಗೆ ವಿಕಿರಣವೂ ತಪ್ಪಲಿಲ್ಲ.

ತಲೆ ಮತ್ತು ಕುರ್ಚಿ

ಮೇಲಿನ ಹಲ್ಲಿಗೆ ತಲೆ ನೇರವಾಗಿರಲಿ. ಮೂಗಿನ ಹೊಳ್ಳೆಯಿಂದ ಕಿವಿಯ ಮುಂದಿನ ಚಿಕ್ಕ ಗುಬುಟಿನವರೆಗೆ ಒಂದು ಗೆರೆ ಎಳೆದಂತೆ ಭಾವಿಸಿ. ಅದು ನೆಲಕ್ಕೆ ಸಮನಾಗಿರಬೇಕು. ಕೆಳಗಿನ ಹಲ್ಲಿಗೆ ತಲೆಯನ್ನು ತುಸು ಹಿಂದಕ್ಕೆ ಒರಗಿಸಿ. ಬಾಯಿ ತೆರೆದಾಗ ಕೆಳದವಡೆ ಕೆಳಗೆ ಬಾಗುತ್ತದೆ, ಆ ಬಾಗನ್ನು ಈ ಒರಗು ಸರಿದೂಗಿಸುತ್ತದೆ. ಸೆನ್ಸರನ್ನು ಬಾಯಲ್ಲಿ ಹಿಡಿದಿಡುವ ಹೋಲ್ಡರ್ ಬಳಸುವಾಗ ಇದರಲ್ಲಿ ಕೊಂಚ ಹೆಚ್ಚುಕಡಿಮೆ ನಡೆದೀತು, ಅದರ ಉಂಗುರವೇ ಟ್ಯೂಬಿಗೆ ದಾರಿ ತೋರಿಸುತ್ತದೆ. ಹೋಲ್ಡರ್ ಇಲ್ಲದಾಗ ತಲೆ ಒಂದು ಬೆರಳು ಬಾಗಿದರೂ ಕೋನದ ಲೆಕ್ಕವೆಲ್ಲ ತಲೆಕೆಳಗು.

ಹೋಲ್ಡರ್ ಇಟ್ಟು ತೆಗೆಯುವುದು: ಕೆಳಗಿನ ಎಡದವಡೆಯನ್ನೇ ನೋಡೋಣ

ಸಮಾಂತರ ವಿಧಾನದ ತತ್ವ ಸರಳ: ಸೆನ್ಸರ್ ಹಲ್ಲಿನ ಉದ್ದಕ್ಕೆ ಸಮಾನಾಂತರವಾಗಿರಬೇಕು, ಕಿರಣ ಇವೆರಡಕ್ಕೂ ನೇರ ಲಂಬವಾಗಿ ಬೀಳಬೇಕು. ಇದಕ್ಕೆಂದೇ ಹೋಲ್ಡರ್. ಎಕ್ಸ್‌ಸಿಪಿ ಎಂಬ ಹೋಲ್ಡರ್ ಸೆಟ್ಟಿನಲ್ಲಿ ನೀಲಿ ಮುಂದಿನ ಹಲ್ಲಿಗೆ, ಹಳದಿ ಹಿಂದಿನ ಹಲ್ಲಿಗೆ, ಕೆಂಪು ಬೈಟ್‌ವಿಂಗ್‌ಗೆ, ಅಂದರೆ ಮೇಲಿನ ಕೆಳಗಿನ ಹಲ್ಲುಗಳ ತಲೆಗಳು ಒಟ್ಟಿಗೆ ಬರುವ ಚಿತ್ರಕ್ಕೆ. ಬಣ್ಣ ಬೆರಸಿ ಜೋಡಿಸಿದರೆ ಉಂಗುರದ ನಡುವೆ ಸೆನ್ಸರ್ ಕಾಣುವುದಿಲ್ಲ. ಜೋಡಿಸಿದೊಡನೆ ಉಂಗುರದೊಳಗಿಂದ ಒಮ್ಮೆ ಇಣುಕಿ ನೋಡಿ: ಸೆನ್ಸರ್ ಪೂರ್ತಿ ನಡುವಿನಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು.

ಕೆಳಗಿನ ಎಡಬದಿಯ ಮೊದಲ ದವಡೆಹಲ್ಲು, ಹಲ್ಲಿನ ಸಂಖ್ಯೆಯಲ್ಲಿ ಹೇಳಿದರೆ 36. ಸೆನ್ಸರನ್ನು ಅಡ್ಡಲಾಗಿ ಹಿಡಿದು, ಮೊದಲು ನಾಲಿಗೆಯ ಕಡೆಗೆ ವಾಲಿಸಿ ಒಳಗೆ ಬಿಡಿ. ನಾಲಿಗೆಗೂ ಹಲ್ಲಿಗೂ ನಡುವೆ ಇಳಿದ ಮೇಲೆ ನೆಟ್ಟಗೆ ಮಾಡಿ. ಅದರ ಮುಂದಿನ ಅಂಚು ಎರಡನೆಯ ಮುಂದವಡೆ ಹಲ್ಲಿನ (ಕೋರೆಗೂ ದವಡೆಹಲ್ಲಿಗೂ ನಡುವಿನದು) ನಡುಮಧ್ಯದಲ್ಲಿರಲಿ. ಬಾಯಿ ಅಗಲವಾಗಿ ತೆರೆದಿರುವಾಗ ಸೆನ್ಸರನ್ನು ಕೆಳಗೆ ಒತ್ತಬೇಡಿ. ಆಗ ಬಾಯಿಯ ತಳದ ಸ್ನಾಯು ಬಿಗಿದಿರುತ್ತದೆ, ಒತ್ತಿದರೆ ಕಣ್ಣಲ್ಲಿ ನೀರು ಬರುವಷ್ಟು ನೋವು. ಕಚ್ಚುವ ತುಂಡನ್ನು ಹಲ್ಲಿನ ಮೇಲೆ ಕೂರಿಸಿ, ‘ಅಜ್ಜೀ, ಮೆಲ್ಲಗೆ ಬಾಯಿ ಮುಚ್ಚುತ್ತಾ ಬನ್ನಿ, ಹಾಂ, ಇನ್ನೂ ಸ್ವಲ್ಪ’ ಎನ್ನುತ್ತಾ ಹೋಗಿ. ಬಾಯಿ ಮುಚ್ಚಿದಂತೆ ಸ್ನಾಯು ಸಡಿಲವಾಗುತ್ತದೆ, ಸೆನ್ಸರ್ ತಾನಾಗಿ ಕೆಳಗಿಳಿಯುತ್ತದೆ. ಆರಂಭದಲ್ಲಿ ಹೇಳಿದ ತುದಿ ತಪ್ಪಿಹೋಗುವುದು ಇಲ್ಲಿಯೇ: ಅರ್ಧ ಕಚ್ಚಿದ್ದನ್ನೇ ಸಾಕೆಂದುಕೊಂಡು ನಾವು ಬಟನ್‌ನತ್ತ ಓಡುತ್ತೇವೆ. ಎದುರಿನ ಮೇಲಿನ ಹಲ್ಲು ಬಿದ್ದುಹೋಗಿದ್ದರೆ ಕಚ್ಚಲು ಆಧಾರವಿರುವುದಿಲ್ಲ, ಅಲ್ಲಿ ಹತ್ತಿಯ ಸುರುಳಿಯೊಂದನ್ನು ಇಡಿ.

ಕಚ್ಚಿದ ಮೇಲೆ ಉಂಗುರವನ್ನು ಕೆನ್ನೆಯವರೆಗೆ ಸರಿಸಿ, ಟ್ಯೂಬಿನ ತುದಿಯ ಕೊಳವೆಯನ್ನು, ಅಂದರೆ ಕೋನ್ ಅನ್ನು, ಅದಕ್ಕೆ ಸರಿಯಾಗಿ ತಾಗಿಸಿ. ಕೋನ್ ನಾಲ್ಕು ಬೆರಳು ದೂರ ಉಳಿದರೆ ಕಿರಣ ಸಾಲದೆ ಚಿತ್ರ ತೆಳುವಾಗುತ್ತದೆ. ‘ಅಲುಗಾಡಬೇಡಿ’ ಎಂದು ಹೇಳಿ, ದೂರ ಸರಿದು, ಬೀಪ್ ಸದ್ದು ನಿಲ್ಲುವವರೆಗೆ ಬಟನ್ ಹಿಡಿದಿಡಿ. ನಡುವೆ ಬೆರಳು ಎತ್ತಿದರೆ ಕಿರಣ ಅಲ್ಲಿಗೇ ನಿಲ್ಲುತ್ತದೆ.

ಮೇಲಿನ ದವಡೆಹಲ್ಲಿಗಾದರೆ ಸೆನ್ಸರ್ ಹಲ್ಲಿಗೆ ಅಂಟಿಕೊಂಡಿರಬಾರದು, ಅಂಗುಳದ ನಡುಭಾಗದತ್ತ ಸರಿದಿರಬೇಕು. ಅಲ್ಲಿಯೇ ಅಂಗುಳದ ಎತ್ತರ ಹೆಚ್ಚು.

ಹೋಲ್ಡರ್ ಕೂರದ ಬಾಯಿ

ಅಂಗುಳ ತಗ್ಗಾಗಿರುವವರು, ಚಿಕ್ಕ ಮಕ್ಕಳು, ಬಾಯಿ ಎರಡು ಬೆರಳೂ ತೆರೆಯದವರು ದಿನಕ್ಕೊಬ್ಬರಾದರೂ ಬರುತ್ತಾರೆ. ಅಡಿಕೆ ತಂಬಾಕು ಜಗಿದು ಬಾಯಿ ಬಿಗಿದುಕೊಂಡವರು ನಮ್ಮ ರಾಜ್ಯದಲ್ಲಿ ಕಡಿಮೆಯೇನಿಲ್ಲ. ಇವರಿಗೆ ಕೋನ ಸಮದ್ವಿಭಾಜಕ ವಿಧಾನ. ಹಲ್ಲಿಗೂ ಸೆನ್ಸರಿಗೂ ನಡುವೆ ಅರ್ಧ ತೆರೆದ ಪುಸ್ತಕದಂತೆ ಒಂದು ಕೋನ ಏರ್ಪಡುತ್ತದೆ. ಆ ಕೋನವನ್ನು ಸರಿಯಾಗಿ ಎರಡು ಪಾಲು ಮಾಡುವ ಗೆರೆಯನ್ನು ಮನಸ್ಸಿನಲ್ಲೇ ಎಳೆದು, ಅದಕ್ಕೆ ಲಂಬವಾಗಿ ಕಿರಣ ಬಿಡಬೇಕು.

ಮೇಲಿನ ಬಾಚಿಹಲ್ಲಿಗೆ ಟ್ಯೂಬ್ ಮೇಲಿನಿಂದ ಕೆಳಕ್ಕೆ 40ರಿಂದ 50 ಡಿಗ್ರಿ, ಕೋರೆಹಲ್ಲಿಗೆ 45ರಿಂದ 55, ಮುಂದವಡೆಗೆ 30ರಿಂದ 40, ದವಡೆಗೆ 20ರಿಂದ 30. ಕೆಳಗಿನ ಬಾಚಿಹಲ್ಲಿಗೆ ಕೆಳಗಿನಿಂದ ಮೇಲಕ್ಕೆ 15ರಿಂದ 25, ಕೋರೆಗೆ 20ರಿಂದ 30, ಮುಂದವಡೆಗೆ 10ರಿಂದ 15, ದವಡೆಗೆ ಸೊನ್ನೆಯಿಂದ 5. ಇವನ್ನು ಉರು ಹೊಡೆದರೆ ಸಾಲದು, ಇವು ಕೇವಲ ಆರಂಭದ ಅಂಕಿಗಳು. ಅಂಗುಳ ತಗ್ಗಾದಷ್ಟೂ ಸೆನ್ಸರ್ ಹೆಚ್ಚು ಮಲಗುತ್ತದೆ, ಕೋನವನ್ನೂ ಅಷ್ಟು ಏರಿಸಬೇಕಾಗುತ್ತದೆ. ಕೋನ್ ಎಲ್ಲಿಗೆ ಗುರಿಯಿಡಬೇಕೆಂಬುದಕ್ಕೆ ಮುಖದಲ್ಲೇ ಗುರುತುಗಳಿವೆ: ಮೇಲಿನ ಬಾಚಿಹಲ್ಲಿಗೆ ಮೂಗಿನ ತುದಿ, ಕೋರೆಗೆ ಮೂಗಿನ ಹೊಳ್ಳೆ, ಮುಂದವಡೆಗೆ ಕಣ್ಣಿನ ಪಾಪೆಯ ನೇರ ಕೆಳಗೆ, ದವಡೆಗೆ ಕಣ್ಣಿನ ಹೊರತುದಿಯ ನೇರ ಕೆಳಗೆ.

ಇಲ್ಲಿ ಸೆನ್ಸರ್ ಹಿಡಿದುಕೊಳ್ಳುವುದು ಯಾರು? ನೀವಂತೂ ಅಲ್ಲ. ಇದಕ್ಕೆ ಮುಂದೆ ಬರುತ್ತೇನೆ.

ಓಕರಿಕೆ ಬರುವವರು

ಮುಂದಿನ ಹಲ್ಲುಗಳಿಂದ ಆರಂಭಿಸಿ, ಮೇಲಿನ ದವಡೆ ಕೊನೆಗಿರಲಿ. ಕೋನ್ ಮೊದಲೇ ಅಂದಾಜು ಜಾಗಕ್ಕೆ ತಂದಿಟ್ಟು, ಸೆನ್ಸರ್ ಒಳಗಿಟ್ಟ ಮೇಲೆ ಐದಾರು ಸೆಕೆಂಡಿನಲ್ಲಿ ಮುಗಿಸಬೇಕು. ಸೆನ್ಸರನ್ನು ಅಂಗುಳದ ಮೇಲೆ ಜಾರಿಸಬೇಡಿ; ಇಟ್ಟ ಕಡೆ ಗಟ್ಟಿಯಾಗಿ ಇಡಿ. ‘ಮೂಗಿನಲ್ಲಿ ಉಸಿರಾಡಿ, ಬಲಗಾಲು ಮೇಲೆತ್ತಿ ಹಿಡಿಯಿರಿ’ ಎಂದರೆ ಗಮನ ಕಾಲಿಗೆ ಹೋಗುತ್ತದೆ. ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಹಚ್ಚುವುದೂ ಹಲವರಿಗೆ ಫಲ ಕೊಡುತ್ತದೆ. ನಾನು ಒಂದು ಪುಟ್ಟ ಡಬ್ಬಿಯಲ್ಲಿ ಉಪ್ಪು ಇಟ್ಟುಕೊಂಡಿದ್ದೇನೆ. ‘ನಿಮಗೆ ವಾಂತಿ ಬರುತ್ತದೆಯೇ?’ ಎಂಬ ಪ್ರಶ್ನೆಯನ್ನು ಮಾತ್ರ ಕೇಳಲೇಬೇಡಿ, ಕೇಳಿದರೆ ಬಂದೇ ಬರುತ್ತದೆ.

ಚಿತ್ರವನ್ನು ಓದುವುದು

ಸಂಜೆ ಬಿಸಿಲಿನಲ್ಲಿ ನಿಂತವನ ನೆರಳು ಉದ್ದ, ನಡುಮಧ್ಯಾಹ್ನ ಗಿಡ್ಡ. ಟ್ಯೂಬೇ ಇಲ್ಲಿ ಸೂರ್ಯ. ಹಲ್ಲು ಉದ್ದವಾಗಿ ಬಂದರೆ ಟ್ಯೂಬಿನ ಲಂಬಕೋನ, ಅಂದರೆ ಮೇಲೆ-ಕೆಳಗಿನ ವಾಲು, ಸಾಲದು, ಏರಿಸಿ. ಗಿಡ್ಡವಾಗಿ ಬೇರು ಮೊಂಡಾಗಿ ಬಂದರೆ ಕೋನ ಹೆಚ್ಚಾಯಿತು, ಇಳಿಸಿ. ಬೇರಿನ ಉದ್ದವನ್ನು ಅಳೆದು ಕೆಲಸ ಮಾಡುವ ರೂಟ್ ಕೆನಾಲ್‌ನಲ್ಲಿ ಈ ತಪ್ಪು ನೇರವಾಗಿ ಚಿಕಿತ್ಸೆಯನ್ನೇ ಕೆಡಿಸುತ್ತದೆ.

ಅಕ್ಕಪಕ್ಕದ ಹಲ್ಲುಗಳು ಒಂದರ ಮೇಲೊಂದು ಬಿದ್ದಿದ್ದರೆ ಅಡ್ಡಕೋನದ, ಅಂದರೆ ಎಡ-ಬಲದ ವಾಲಿನ, ತಪ್ಪು. ಕಿಟಕಿಯ ಸರಳುಗಳನ್ನು ಎದುರಿನಿಂದ ನೋಡಿದರೆ ಸಂದು ಕಾಣುತ್ತದೆ, ಓರೆಯಾಗಿ ನಿಂತರೆ ಸಂದೇ ಮುಚ್ಚಿಹೋಗುತ್ತದೆ. ಕಿರಣ ಹಲ್ಲುಗಳ ಸಂದಿನೊಳಗೆ ನೇರವಾಗಿ ಹಾಯಬೇಕು. ಬೈಟ್‌ವಿಂಗ್‌ನ ಬೆಲೆಯೆಲ್ಲ ಈ ಸಂದಿನಲ್ಲೇ ಇದೆ. ಸಂದಿನ ಹುಳುಕು ನೋಡಲೆಂದು ತೆಗೆದ ಚಿತ್ರದಲ್ಲಿ ಸಂದೇ ಮುಚ್ಚಿದ್ದರೆ ತೆಗೆದೂ ತೆಗೆಯದಂತೆ.

ಚಿತ್ರದ ಒಂದು ಮೂಲೆ ಕಮಾನಿನಂತೆ ಬೆಳ್ಳಗೆ ಖಾಲಿಯಾಗಿದ್ದರೆ ಕೋನ್ ಕಟ್. ಕೋನ್ ಸೆನ್ಸರನ್ನು ಪೂರ್ತಿ ಆವರಿಸಿಲ್ಲ. ಖಾಲಿ ಇರುವ ಕಡೆಗೆ ಕೋನ್ ಸರಿಸಿದರಾಯಿತು. ಡಾಕ್ಟರಿಗೆ ಬೇಕಾದ ಭಾಗ ಚೆನ್ನಾಗಿ ಬಂದಿದ್ದರೆ ಈ ಕಾರಣಕ್ಕಾಗಿ ಮತ್ತೊಂದು ತೆಗೆಯಬೇಡಿ, ಚೆಂದಕ್ಕಾಗಿ ವಿಕಿರಣ ಕೊಡುವುದಲ್ಲ. ಗೆರೆಗಳೆಲ್ಲ ಎರಡೆರಡಾಗಿ ಮಸುಕಾಗಿದ್ದರೆ ಯಾರೋ ಅಲುಗಾಡಿದ್ದಾರೆ. ರೋಗಿಯೇ ಆಗಬೇಕೆಂದಿಲ್ಲ, ಹಳೆಯ ಯಂತ್ರದ ತೋಳು ಸಡಿಲವಾಗಿ ಟ್ಯೂಬೇ ಮೆಲ್ಲಗೆ ಜಾರುವುದುಂಟು. ಫಿಲ್ಮಿನಲ್ಲಿ ಚಿತ್ರ ತೆಳುವಾಗಿ, ಟೈರಿನ ಅಚ್ಚಿನಂಥ ಗುರುತು ಬಿದ್ದಿದ್ದರೆ ಫಿಲ್ಮ್ ತಿರುವುಮುರುವು. ಒಳಗಿನ ಸೀಸದ ಹಾಳೆಯ ಅಚ್ಚು ಅದು.

ಡಿಜಿಟಲ್‌ನಲ್ಲಿ ಒಂದು ಮೋಸವಿದೆ. ಕಿರಣ ಕಡಿಮೆಯಾದರೆ ಚಿತ್ರ ರವೆ ಚೆಲ್ಲಿದಂತೆ ಒರಟಾಗಿ ಕಾಣುತ್ತದೆ, ತಕ್ಷಣ ಗೊತ್ತಾಗುತ್ತದೆ. ಹೆಚ್ಚಾದರೆ ಒಂದು ಮಿತಿಯವರೆಗೆ ಚಿತ್ರ ಇನ್ನಷ್ಟು ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಯಾರೂ ಕೇಳುವುದಿಲ್ಲ, ಸೆಟ್ಟಿಂಗ್ ತಿಂಗಳಿಂದ ತಿಂಗಳಿಗೆ ಮೇಲೇರುತ್ತದೆ. ಫಿಲ್ಮಿನ ಕಾಲದ ಸೆಟ್ಟಿಂಗಿನಲ್ಲೇ ಆರ್‌ವಿಜಿ, ಅಂದರೆ ಸೆನ್ಸರಿನ ಡಿಜಿಟಲ್ ಚಿತ್ರ, ತೆಗೆಯುವ ಕಡೆಗಳನ್ನೂ ಕಂಡಿದ್ದೇನೆ. ದೊಡ್ಡವರಿಗೆ, ಮಕ್ಕಳಿಗೆ, ಮುಂದಿನ ಹಲ್ಲಿಗೆ, ದವಡೆಗೆ ಬೇರೆಬೇರೆ ಸಮಯ ಬರೆದ ಪಟ್ಟಿಯೊಂದನ್ನು ಡಾಕ್ಟರ ಜೊತೆ ಕೂತು ಮಾಡಿ ಗೋಡೆಗೆ ಅಂಟಿಸಿ.

ಇವೆಲ್ಲಕ್ಕಿಂತ ಕೆಟ್ಟ ತಪ್ಪು ಕೋನದ್ದಲ್ಲ, ಹೆಸರಿನದು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಗಡಿಬಿಡಿಯ ಸಂಜೆಯೊಂದರಲ್ಲಿ 36ನ್ನು 46 ಎಂದು ಉಳಿಸಿದೆ. ತಂತ್ರಾಂಶ ನಿಷ್ಠೆಯಿಂದ ಚಿತ್ರವನ್ನು ಬಲಬದಿಗೆ ತಿರುಗಿಸಿ ತೋರಿಸಿತು. ಡಾಕ್ಟರು ಅರಿವಳಿಕೆ ಚುಚ್ಚುವ ಮುನ್ನ ಬಾಯಿಯೊಳಗೆ ನೋಡಿ, ‘ಇಲ್ಲಿ ಹುಳುಕೇ ಇಲ್ಲವಲ್ಲ’ ಎಂದರು. ಆ ದಿನದಿಂದ ಚಿತ್ರ ಉಳಿಸುವ ಮೊದಲು ರೋಗಿಯ ಹೆಸರನ್ನೂ ಹಲ್ಲಿನ ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ಹೊಸಬರು ನಗುತ್ತಾರೆ.

ರೂಟ್ ಕೆನಾಲ್ ನಡುವಿನ ಚಿತ್ರಗಳು

ಮೇಲಿನ ಮೊದಲ ಮುಂದವಡೆಗೆ ಸಾಮಾನ್ಯವಾಗಿ ಎರಡು ನಾಳ. ನೇರವಾಗಿ ತೆಗೆದರೆ ಒಂದರ ಹಿಂದೊಂದು ಅಡಗಿಕೊಳ್ಳುತ್ತವೆ. ಡಾಕ್ಟರು ‘ಶಿಫ್ಟ್ ಮಾಡಿ ತೆಗೆ’ ಎಂದರೆ ಲಂಬಕೋನ ಹಾಗೆಯೇ ಇರಲಿ, ಟ್ಯೂಬನ್ನು ಅಡ್ಡಲಾಗಿ ಸುಮಾರು 20 ಡಿಗ್ರಿ ಸರಿಸಿ. ನಾಲಿಗೆಯ ಕಡೆಗಿನ ನಾಳ ಟ್ಯೂಬ್ ಹೋದ ಕಡೆಗೇ ಹೋಗುತ್ತದೆ, ಕೆನ್ನೆಯ ಕಡೆಗಿನದು ಎದುರಿಗೆ. ಯಾವ ಕಡೆಗೆ ಸರಿಸಿದಿರಿ ಎಂಬುದನ್ನು ಡಾಕ್ಟರಿಗೆ ಹೇಳಲೇಬೇಕು. ಹೇಳದಿದ್ದರೆ ಆ ಚಿತ್ರದಿಂದ ಯಾವುದು ಯಾವ ನಾಳವೆಂದು ತಿಳಿಯದು.

ಫಿಲ್ಮ್ ಇನ್ನೂ ಇದ್ದರೆ

ಚಿತ್ರ ಮೂಡಿಸುವ ಡೆವಲಪರ್ ದ್ರಾವಣ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಐದು ನಿಮಿಷ ಎಂಬುದು ಪುಸ್ತಕದ ಲೆಕ್ಕ. ಮೇ ತಿಂಗಳ ರಾಯಚೂರಿನಲ್ಲೋ ಮಂಗಳೂರಿನಲ್ಲೋ ದ್ರಾವಣ 20ರಲ್ಲಿ ಇರುವುದು ಹೇಗೆ? 27 ಡಿಗ್ರಿಯ ಆಸುಪಾಸಿನಲ್ಲಿ ಎರಡೂವರೆ ನಿಮಿಷಕ್ಕೇ ಮುಗಿಯುತ್ತದೆ. ತಾಪಮಾಪಕ ಇಟ್ಟುಕೊಳ್ಳಿ, ಡಬ್ಬಿಯ ಮೇಲಿನ ಪಟ್ಟಿ ನೋಡಿ. ಮೂಡಿದ ಚಿತ್ರವನ್ನು ಉಳಿಸುವ ಫಿಕ್ಸರಿನಲ್ಲಿ ಹತ್ತು ನಿಮಿಷ, ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ. ಸರಿಯಾಗಿ ತೊಳೆಯದ ಫಿಲ್ಮ್ ಕೆಲವು ತಿಂಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ.

ಓಪಿಜಿ

ಎರಡೂ ದವಡೆಯ ಹಲ್ಲುಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಈ ಎಕ್ಸ್‌ರೇಯಲ್ಲಿ ತಪ್ಪುಗಳೆಲ್ಲ ರೋಗಿಯನ್ನು ನಿಲ್ಲಿಸುವುದರಲ್ಲೇ. ಗದ್ದ ತೀರಾ ಕೆಳಗಾದರೆ ಹಲ್ಲಿನ ಸಾಲು ಅತಿಯಾಗಿ ನಗುತ್ತದೆ, ಮೇಲಾದರೆ ಮುಖ ಸಿಂಡರಿಸುತ್ತದೆ. ಕಚ್ಚುವ ಕಡ್ಡಿಯ ತೋಡಿನಿಂದ ಮುಂದೆ ಬಂದರೆ ಮುಂದಿನ ಹಲ್ಲುಗಳು ಕಡ್ಡಿಯಂತೆ ಸಪೂರ, ಹಿಂದೆ ಹೋದರೆ ಅಗಲ. ಕುತ್ತಿಗೆ ಬಾಗಿಸಿ ನಿಂತರೆ ನಡುವೆ ಬೆನ್ನೆಲುಬಿನ ಬಿಳಿ ನೆರಳು. ‘ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯಿರಿ’ ಎಂಬುದನ್ನು ಮರೆತರೆ ಮೇಲಿನ ಬೇರುಗಳ ಮೇಲೆ ಕಪ್ಪು ಪಟ್ಟಿ. ಓಲೆ ಜುಮುಕಿ ತೆಗೆಸಲೇಬೇಕು: ಬಲಗಿವಿಯ ಓಲೆ ತನ್ನ ಜಾಗದಲ್ಲಿ ಕಾಣುವುದಲ್ಲದೆ ಎಡಬದಿಯಲ್ಲಿ ಇನ್ನೂ ಮೇಲೆ ಮಸುಕು ದೆವ್ವದಂತೆ ಮತ್ತೊಮ್ಮೆ ಕಾಣಿಸಿಕೊಳ್ಳುತ್ತದೆ. ಕುತ್ತಿಗೆಗೆ ಕಟ್ಟುವ ಸೀಸದ ಥೈರಾಯ್ಡ್ ಪಟ್ಟಿ ಇಲ್ಲಿ ಬೇಡ, ಅದೇ ಚಿತ್ರಕ್ಕೆ ಅಡ್ಡ ಬರುತ್ತದೆ.

ನಿಮ್ಮ ಬೆರಳು, ನಿಮ್ಮ ದೂರ

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರಿದ್ದರು. 1896ರಲ್ಲೇ, ಅಂದರೆ ಎಕ್ಸ್‌ರೇ ಕಂಡುಹಿಡಿದ ಮರುವರ್ಷವೇ, ಹಲ್ಲಿನ ಎಕ್ಸ್‌ರೇ ತೆಗೆಯತೊಡಗಿದವರು. ಟ್ಯೂಬ್ ಸರಿಯಿದೆಯೇ ಎಂದು ನೋಡಲು ತಮ್ಮ ಕೈಯನ್ನೇ ಕಿರಣಕ್ಕೆ ಹಿಡಿಯುತ್ತಿದ್ದರು. ವರ್ಷಗಳ ನಂತರ ಒಂದೊಂದಾಗಿ ಬೆರಳು, ಆಮೇಲೆ ಕೈ, ಆಮೇಲೆ ತೋಳು ಕತ್ತರಿಸಬೇಕಾಯಿತು. 1928ರಲ್ಲಿ ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಇಂದಿನ ಯಂತ್ರದ ಕಿರಣ ಅಂದಿನದರ ಎದುರು ಏನೂ ಅಲ್ಲ. ಆದರೆ ರೋಗಿ ಒಂದು ಸಲ ಬಂದು ಹೋಗುತ್ತಾರೆ, ನೀವು ದಿನಕ್ಕೆ ಹತ್ತು ಸಲ ಅಲ್ಲೇ ಇರುತ್ತೀರಿ. ಆದ್ದರಿಂದ ಸೆನ್ಸರನ್ನೋ ಟ್ಯೂಬನ್ನೋ ನೀವು ಹಿಡಿಯುವಂತಿಲ್ಲ, ಡಾಕ್ಟರು ಹೇಳಿದರೂ ಹಿಡಿಯುವಂತಿಲ್ಲ. ಮೊದಲ ಆಯ್ಕೆ ಹೋಲ್ಡರ್. ಇಲ್ಲವಾದರೆ ರೋಗಿಯದೇ ಬೆರಳು. ಮಗುವಾದರೆ ಏಪ್ರನ್ ತೊಟ್ಟ ತಂದೆಯೋ ತಾಯಿಯೋ, ಅವರ ಕೈಯೂ ನೇರ ಕಿರಣದಿಂದ ಆಚೆ.

ನಿಲ್ಲುವ ಜಾಗ: ಸೂಕ್ತ ಗೋಡೆಯ ಅಥವಾ ಸೀಸದ ತಡೆಯ ಹಿಂದೆ. ಅದಿಲ್ಲವಾದರೆ ಕನಿಷ್ಠ 6 ಅಡಿ ದೂರ, ಕಿರಣದ ದಿಕ್ಕಿಗೆ 90ರಿಂದ 135 ಡಿಗ್ರಿಯ ನಡುವೆ, ಅಂದರೆ ರೋಗಿಯ ಪಕ್ಕಕ್ಕೆ ಸ್ವಲ್ಪ ಟ್ಯೂಬಿನ ಹಿಂಬದಿಗೆ. ದೂರ ಎರಡು ಪಟ್ಟಾದರೆ ಬೀಳುವ ವಿಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. ಕೋನ್ ಯಾವತ್ತೂ ಪಕ್ಕದ ಕುರ್ಚಿಯ ಕಡೆಗೋ ಹೊರಗಿನ ಬೆಂಚಿನ ಕಡೆಗೋ ಮುಖಮಾಡದಂತೆ ಕುರ್ಚಿ ಇರಬೇಕು.

ರೋಗಿಗಳು ಕೇಳುತ್ತಾರೆ, ‘ಇದರಿಂದ ಕ್ಯಾನ್ಸರ್ ಬರುತ್ತದೆಯಂತೆ?’ ಉತ್ತರ ತಯಾರಿರಲಿ. ಸರಿಯಾಗಿ ತೆಗೆದ ಒಂದು ಡಿಜಿಟಲ್ ಐಓಪಿಎಯಿಂದ, ಅಂದರೆ ಬಾಯೊಳಗೆ ಸೆನ್ಸರ್ ಇಟ್ಟು ತೆಗೆದ ಚಿತ್ರದಿಂದ, ಸಿಗುವುದು ಕೆಲವೇ ಮೈಕ್ರೋಸೀವರ್ಟ್ ವಿಕಿರಣ. ನೆಲ, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ದಿನಕ್ಕೆ ಸರಾಸರಿ ಆರೇಳು ಮೈಕ್ರೋಸೀವರ್ಟ್ ಹೇಗೂ ಸಿಗುತ್ತದೆ. ಗುಂಡನೆಯ ಕೋನಿನ ಬದಲು ಆಯತಾಕಾರದ ತುದಿ ಹಾಕಿದರೆ ಇದೂ ಸುಮಾರು ಅರ್ಧವಾಗುತ್ತದೆ. ಅಮೆರಿಕದ ದಂತವೈದ್ಯ ಸಂಘ 2024ರಲ್ಲಿ ಹಲ್ಲಿನ ಎಕ್ಸ್‌ರೇಗೆ ಸೀಸದ ಏಪ್ರನ್, ಥೈರಾಯ್ಡ್ ಪಟ್ಟಿ ಅಗತ್ಯವಿಲ್ಲ ಎಂದಿದೆ. ನಮ್ಮಲ್ಲಿ ಈಗಲೂ ಹಾಕುತ್ತೇವೆ, ಹಾಕದಿದ್ದರೆ ರೋಗಿಗೆ ಸಮಾಧಾನವೂ ಇರುವುದಿಲ್ಲ. ಆದರೆ ಏಪ್ರನ್ ಹಾಕಿದ್ದೇವೆಂಬ ಧೈರ್ಯದಲ್ಲಿ ಮೂರು ಸಲ ತೆಗೆಯುವುದು ಸುರಕ್ಷತೆಯಲ್ಲ. ಏಪ್ರನ್ನನ್ನು ಮಡಚಬೇಡಿ, ತೂಗುಹಾಕಿ. ಮಡಚಿದಲ್ಲಿ ಒಳಗಿನ ಸೀಸ ಬಿರಿಯುತ್ತದೆ.

ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ ಒಪ್ಪಿಗೆ ಇರಬೇಕು, ಅವರ ಇ-ಲೋರಾ ಜಾಲತಾಣದಲ್ಲಿ ನೋಂದಣಿಯಾಗಿರಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕೈಯಲ್ಲಿ ಹಿಡಿಯುವ ಯಂತ್ರಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಅನುಮೋದನೆ ಇಲ್ಲದ್ದನ್ನು ಮುಟ್ಟಲು ನೀವು ಒಪ್ಪಬೇಕಾಗಿಲ್ಲ. ವಿಕಿರಣದ ಕೆಲಸ ಮಾಡುವವರಿಗೆ ಎಇಆರ್‌ಬಿ ಇಟ್ಟಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ನೀವೇ ಗರ್ಭಿಣಿಯಾದರೆ ಬೇಗನೆ ತಿಳಿಸಿ: ಹಾಗೆ ತಿಳಿಸಿದ ಮೇಲೆ ಹೊಟ್ಟೆಯ ಮಗುವಿಗೆ ಇರುವ ಮಿತಿ 1 ಮಿಲಿಸೀವರ್ಟ್. ನಾಚಿಕೆಯಿಂದ ಐದು ತಿಂಗಳು ಮುಚ್ಚಿಟ್ಟವರನ್ನು ಬಲ್ಲೆ.

ಸೆನ್ಸರಿನ ಆರೈಕೆ

ಪ್ರತಿ ರೋಗಿಗೂ ಹೊಸ ಪ್ಲಾಸ್ಟಿಕ್ ಹೊದಿಕೆ, ಅದು ವೈರಿನ ಒಂದಷ್ಟು ಉದ್ದವನ್ನೂ ಮುಚ್ಚಲಿ. ಬಾಯಿಂದ ತೆಗೆದ ಕೈಗವಸಿನಲ್ಲೇ ಮೌಸ್ ಮುಟ್ಟಬೇಡಿ. ಹೋಲ್ಡರ್ ಆಟೋಕ್ಲೇವ್‌ಗೆ, ಅಂದರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರಕ್ಕೆ, ಹೋಗಬೇಕು. ಸೆನ್ಸರ್ ಹೋಗಲೇಬಾರದು, ಅದನ್ನು ತಯಾರಕರು ಹೇಳಿದ ಸೋಂಕುನಿವಾರಕದಿಂದ ಒರೆಸಿ. ಇಕ್ಕಳದಲ್ಲಿ ಸೆನ್ಸರ್ ಹಿಡಿಯುವುದು, ವೈರಿನ ಮೇಲೆ ಕುರ್ಚಿಯ ಚಕ್ರ ಹಾಯಿಸುವುದು, ವೈರನ್ನು ಬಿಗಿಯಾಗಿ ಸುತ್ತುವುದು, ಈ ಮೂರರಿಂದಲೇ ಲಕ್ಷ ರೂಪಾಯಿಯ ವಸ್ತು ಹಾಳಾಗುತ್ತದೆ.

ಕೊನೆಯದಾಗಿ, ಎರಡನೆಯ ಸಲ ತೆಗೆದ ಎಕ್ಸ್‌ರೇಗಳಿಗೆಂದೇ ಒಂದು ನೋಟ್‌ಬುಕ್. ದಿನಾಂಕ, ಹಲ್ಲು, ತಪ್ಪು, ತೆಗೆದವರು, ಇಷ್ಟೇ ನಾಲ್ಕು ಕಾಲಂ. ಬೈಯಲು ಅಲ್ಲ, ಎರಡು ತಿಂಗಳಾದ ಮೇಲೆ ಯಾರಿಗೆ ಯಾವ ಹಲ್ಲು ಕೈಕೊಡುತ್ತಿದೆ ಎಂದು ತಾನಾಗಿ ಕಾಣುತ್ತದೆ. ಕಳೆದ ತಿಂಗಳ ಪುಟದಲ್ಲಿ ನನ್ನ ಹೆಸರಿನ ಮುಂದೆ ಮೂರು ಗುರುತುಗಳಿವೆ. ಮೂರೂ ಮೇಲಿನ ಕೊನೆಯ ದವಡೆ, ಮೂರೂ ಕೋನ್ ಕಟ್.